ಸಿರುಗುಪ್ಪದ ಬಾವಲಿಗಳೂ ನನ್ನ ಖಾಲಿ ಪೆಟ್ಟಿಗೆಯೂ

ಹೊಟ್ಟೆಕಿಚ್ಚು ಪಡಲು ಜನಕ್ಕೆ ಮರ್ಯಾದಸ್ಥ ಕಾರಣಗಳಿರುತ್ತವೆ. ಪಕ್ಕದ ಮನೆಯವರ ಹೊಸ ಕಾರು, ಸಹೋದ್ಯೋಗಿಯ ಬಡ್ತಿ, ಬೀಗರ ಮನೆಯ ಎರಡನೆಯ ಮಹಡಿ. ಹೇಳಿಕೊಂಡರೆ ಕೇಳಿದವರು ಪಾಪ ಎಂದು ತಲೆದೂಗುತ್ತಾರೆ. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ಸಿರುಗುಪ್ಪದಲ್ಲಿ ನನ್ನ ಗೆಳೆಯ ವೀರೇಶಪ್ಪನ ಅಕ್ಕಿ ಗಿರಣಿಯ ಗೋಡೆಗೆ ತೂಗುಹಾಕಿರುವ ಒಂದು ಮರದ ಪೆಟ್ಟಿಗೆಯಲ್ಲಿ ಬಾವಲಿಗಳಿವೆ. ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ಮನೆಯ ಗೋಡೆಗೆ ತೂಗುಹಾಕಿರುವ ಪೆಟ್ಟಿಗೆಯಲ್ಲಿ ಇಲ್ಲ. ಸುದ್ದಿ ಇಷ್ಟೇ. ಉಳಿದದ್ದು ವಿವರ.

ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಎದ್ದವನು ನಾನು. ಯಾರು, ಏನು, ಎಲ್ಲಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ ಮುಗಿಸುವುದು ರೂಢಿಯಾಗಿಬಿಟ್ಟಿದೆ. 'ಯಾಕೆ' ಎಂಬುದನ್ನು ನಾವು ಕೊನೆಯ ಪ್ಯಾರಾಕ್ಕೆ ಬಿಡುತ್ತಿದ್ದೆವು. ಜಾಹೀರಾತು ಬಂದು ಜಾಗ ಸಾಲದೇ ಹೋದರೆ ಮೊದಲು ಕತ್ತರಿಸುತ್ತಿದ್ದುದೂ ಅದನ್ನೇ. ಇವತ್ತು ಜಾಗ ಇದೆ. ಯಾಕೆ ಎಂಬುದನ್ನೂ ಹೇಳುತ್ತೇನೆ.

ನಿವೃತ್ತನಾದ ಮೇಲೆ ನನಗೆ ಸಂಜೆಗಳು ಸಿಕ್ಕವು. ಡೆಸ್ಕಿನವರಿಗೆ ಸಂಜೆ ಎನ್ನುವುದು ಇರುವುದಿಲ್ಲ. ಊರಿನಲ್ಲಿ ಸೂರ್ಯ ಮುಳುಗಿದ್ದು ನಮಗೆ ಮಾರನೆಯ ದಿನ ಪತ್ರಿಕೆಯಲ್ಲೇ ಗೊತ್ತಾಗುತ್ತಿತ್ತು. ಸಿಕ್ಕ ಸಂಜೆಗಳನ್ನು ತಾರಸಿಯ ಮೇಲೆ ಕೂತು ಕಳೆಯೋಣವೆಂದರೆ ಗಾಂಧಿನಗರದ ಸೊಳ್ಳೆಗಳು ಬಿಡಲಿಲ್ಲ. ಹುಳ ತಿನ್ನುವ ಪುಟ್ಟ ಬಾವಲಿಗಳಿಗೆ ಮನೆ ಮಾಡಿಕೊಟ್ಟರೆ ಅವು ರಾತ್ರಿಯೆಲ್ಲ ಸೊಳ್ಳೆ, ಪತಂಗ ಹಿಡಿಯುತ್ತವೆ ಎಂದು ಎಲ್ಲೋ ಓದಿದೆ. ಬಾವಲಿ ಎಂದೊಡನೆ ಆಲದ ಮರದಲ್ಲಿ ಹರಿದ ಛತ್ರಿಗಳ ಹಾಗೆ ಜೋತುಬಿದ್ದಿರುವ ದೊಡ್ಡ ಹಣ್ಣುಬಾಕರನ್ನು ನೆನೆಯಬೇಡಿ. ನಾನು ಹೇಳುತ್ತಿರುವುದು ಬೆಂಕಿಪೊಟ್ಟಣದಲ್ಲಿ ಮುದುಡಿ ಕೂರಬಲ್ಲ ಜಾತಿ. ಕಣ್ಣಕಪಡಿ ಎನ್ನುವವರಿದ್ದಾರೆ, ತೊಗಲಹಕ್ಕಿ ಎನ್ನುವವರಿದ್ದಾರೆ, ನಮ್ಮ ಬೀದಿಯ ತೆಲುಗಿನವರು ಗಬ್ಬಿಲ ಎನ್ನುತ್ತಾರೆ. ಸಂಸ್ಕೃತದಲ್ಲಿ ಅಜಿನಪತ್ರಾ ಎಂಬ ಗಂಭೀರವಾದ ಹೆಸರಿದೆ. ಚರ್ಮವನ್ನೇ ರೆಕ್ಕೆ ಮಾಡಿಕೊಂಡದ್ದು ಎಂದರ್ಥ. ಇಷ್ಟು ಹೆಸರು ಗೊತ್ತಿದ್ದವನ ಮನೆಗೆ ಬಾರದೆ, ಗಬ್ಬಿಲ ಎಂಬ ಒಂದೇ ಹೆಸರು ಗೊತ್ತಿದ್ದವನ ಮನೆಗೆ ಅವು ಹೋದವಲ್ಲ ಎಂಬುದು ನನ್ನ ದೂರು.

ಪೆಟ್ಟಿಗೆಯನ್ನು ಕಾಟಾಚಾರಕ್ಕೆ ಮಾಡಿಸಿದವನಲ್ಲ ನಾನು. ಹೊರದೇಶದ ಒಂದು ಕೈಪಿಡಿ ತರಿಸಿಕೊಂಡು ಸಾಲುಸಾಲಾಗಿ ಓದಿದೆ. ಸಾಗವಾನಿ ಹಲಗೆ, ಮೊಳೆಯ ಬದಲು ತುಕ್ಕು ಹಿಡಿಯದ ತಿರುಪು, ಸಂದುಗಳಿಗೆ ಅಂಟು, ಕೆಳಗೆ ಬಾಯಿ, ಬಂದಿಳಿಯಲು ಉದ್ದನೆಯ ಹಲಗೆ, ಒಳಗೆ ಬೆರಳಗಲಕ್ಕಿಂತ ಹೆಚ್ಚಿಲ್ಲದ ಇಕ್ಕಟ್ಟಾದ ಅಂತರ. ದಕ್ಷಿಣಕ್ಕೆ ಮುಖ ಮಾಡಬೇಕು, ದಿನದಲ್ಲಿ ಆರೇಳು ಗಂಟೆಯಾದರೂ ಬಿಸಿಲು ಬೀಳಬೇಕು, ಬಿಸಿಲನ್ನು ಹೀರಿಕೊಳ್ಳಲು ತಲೆಯ ಮೇಲೆ ಕಪ್ಪು ಹಾಳೆ ಹೊದಿಸಬೇಕು ಎಂದು ಕೈಪಿಡಿ ಹೇಳಿತ್ತು. ಹೇಳಿದ ಹಾಗೇ ಮಾಡಿದೆ. ಏಜೆನ್ಸಿಯಿಂದ ಬಂದ ಇಂಗ್ಲಿಷ್ ಸುದ್ದಿಯನ್ನು ಮೂವತ್ತು ವರ್ಷ ಕನ್ನಡಕ್ಕೆ ತಂದ ಕೈ ಇದು. ಮೂಲದಲ್ಲಿದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಆ ಮೂಲವನ್ನು ಬರೆದವನ ಊರಿನಲ್ಲಿ ಹಿಮ ಬೀಳುತ್ತದೆ ಎಂಬುದು ಕೈಪಿಡಿಯಲ್ಲಿ ಇರಲಿಲ್ಲ. ಆದ್ದರಿಂದ ನನ್ನ ತಲೆಯಲ್ಲೂ ಇರಲಿಲ್ಲ.

ಬಳ್ಳಾರಿಯ ಏಪ್ರಿಲ್ಲಿನಲ್ಲಿ ದಕ್ಷಿಣದ ಗೋಡೆ ಹೇಗಿರುತ್ತದೆ ಎಂದು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ನನ್ನ ಹೆಂಡತಿ ಸುಧಾ ಒಮ್ಮೆ ಪೆಟ್ಟಿಗೆಯ ಕೆಳಗೆ ನಿಂತು ಮೇಲೆ ನೋಡಿ, "ಇದರಾಗ ಸಂಡಿಗಿ ಇಟ್ರ ಅರ್ಧ ತಾಸಿಗೆ ಒಣಗತಾವ. ಬಾವಲಿ ಯಾಕ ಬರ್ತಾವ, ಹಪ್ಪಳ ಆಗಾಕ?" ಎಂದಳು. ಹೊರಗಿನವರ ಟೀಕೆಗೆ ಉತ್ತರಿಸಬಾರದು ಎಂಬುದು ಸುದ್ದಿಮನೆಯ ಇನ್ನೊಂದು ನಿಯಮ. ಏಣಿ ತಂದು ಪೆಟ್ಟಿಗೆಯ ಧೂಳು ಒರೆಸಿದೆ.

ಬಾಳಿಕೆಯ ವಿಷಯಕ್ಕೆ ಬಂದರೆ ಆ ಪೆಟ್ಟಿಗೆಗೆ ಇವತ್ತಿಗೂ ಸಾಟಿಯಿಲ್ಲ. ಒಂದು ಹಲಗೆ ಸೀಳಿಲ್ಲ, ಒಂದು ತಿರುಪು ಸಡಿಲವಾಗಿಲ್ಲ. ಒಳಗೆ ಯಾರೂ ವಾಸಿಸದ ಮನೆ ಸವೆಯುವುದಾದರೂ ಹೇಗೆ?

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪೆಟ್ಟಿಗೆ ತೂಗುಹಾಕಿದ ವಾರವೇ ನಾನು ಪತ್ರಿಕೆಯ ಭಾನುವಾರದ ಪುಟಕ್ಕೆ ಒಂದು ಲೇಖನ ಬರೆದುಬಿಟ್ಟೆ. ಬಾವಲಿಗೆ ಮನೆ ಕಟ್ಟುವುದು ಹೇಗೆ, ಚಿತ್ರಸಹಿತ. ನಡೆಯದ ಸಭೆಯ ವರದಿ ಬರೆದ ಹುಡುಗರನ್ನು ನಾನು ಡೆಸ್ಕಿನ ಮುಂದೆ ನಿಲ್ಲಿಸಿ ಬೈದದ್ದುಂಟು. ನಾನೀಗ ಬಾರದ ಅತಿಥಿಗಳ ಬಗ್ಗೆ ನಾಲ್ಕು ಕಾಲಂ ಬರೆದಿದ್ದೆ. ಬರೆದದ್ದು ಸುಳ್ಳಾಗಿರಲಿಲ್ಲ. 'ಬರುತ್ತವೆ' ಎಂದಿದ್ದೆ. ಯಾರ ಮನೆಗೆ ಎಂದಿರಲಿಲ್ಲ.

ಆ ಲೇಖನವನ್ನು ಸಿರುಗುಪ್ಪದಲ್ಲಿ ವೀರೇಶಪ್ಪ ಓದಿದ. ವೀರೇಶಪ್ಪ ನಮ್ಮ ಪತ್ರಿಕೆಗೆ ಆ ಊರಿನ ವರದಿಗಾರನಾಗಿದ್ದವನು. ಮನೆತನದ ಸಣ್ಣ ಅಕ್ಕಿ ಗಿರಣಿ ನೋಡಿಕೊಳ್ಳುತ್ತ, ಬಿಡುವಿನಲ್ಲಿ ಸುದ್ದಿ ಕಳಿಸುತ್ತಿದ್ದ. ಕಾಲುವೆಗೆ ನೀರು ಬಿಟ್ಟ ಸುದ್ದಿ ಕೇಳಿದರೆ ನೀರಿನ ಬಣ್ಣ, ದಂಡೆಯ ಮೇಲೆ ಕೂತ ಕೊಕ್ಕರೆ, ಎಲ್ಲವನ್ನೂ ಬರೆಯುತ್ತಿದ್ದ. ನಾನು ನೀರನ್ನು ಇಟ್ಟುಕೊಂಡು ಕೊಕ್ಕರೆಯನ್ನು ತೆಗೆಯುತ್ತಿದ್ದೆ. ಒಂದು ದಿನವೂ ಅವನು ಬೇಸರಪಟ್ಟವನಲ್ಲ. ನಾನು ತಿದ್ದುವವನು, ಅವನು ತಿದ್ದಿಸಿಕೊಳ್ಳುವವನು. ಇಬ್ಬರ ಗೆಳೆತನ ಆ ಏರ್ಪಾಟಿನ ಮೇಲೆ ನೆಮ್ಮದಿಯಾಗಿ ಕೂತಿತ್ತು.

ಲೇಖನ ಬಂದು ಎರಡು ತಿಂಗಳಾಗಿರಬಹುದು. ಫೋನು ಬಂತು.

"ಆಚಾರ್ರ, ನಿಮ್ಮ ಲೇಖನ ಓದಿ ನಾನೂ ಒಂದು ಡಬ್ಬಿ ಮಾಡಿ ಗಿರಣಿ ಗ್ವಾಡಿಗೆ ಬಡದಿದ್ನಿರಿ. ಬಂದಾವ ನೋಡ್ರಿ. ಒಂದು ನಲವತ್ತು ಅದಾವ."

"ನಲವತ್ತು ಏನು?"

"ಗಬ್ಬಿಲ ರೀ. ಮತ್ತ ನಿಮ್ಮಲ್ಲಿ ಎಷ್ಟದಾವ?"

"ಇನ್ನೂ ಎಣಿಸಿಲ್ಲ" ಎಂದೆ. ಇದೂ ಸುಳ್ಳಲ್ಲ.

ಅಂದಿನಿಂದ ಶುರುವಾಯಿತು. ಬೇರೆಯವನೊಬ್ಬ ಗೆದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನ್ನ ಲೇಖನ ಓದಿಯೇ ನನ್ನನ್ನು ಮೀರಿದ್ದು ಸಹಿಸಲಾಗಲಿಲ್ಲ. ಹೊಟ್ಟೆಕಿಚ್ಚಿನ ಒಂದು ಗುಣವೆಂದರೆ ಅದು ತನ್ನನ್ನು ತಾನು ಬೇರೆ ಹೆಸರಿನಿಂದ ಕರೆದುಕೊಳ್ಳುತ್ತದೆ. ನನ್ನದು ತನ್ನನ್ನು 'ಪರಿಶೀಲನೆ' ಎಂದು ಕರೆದುಕೊಂಡಿತು. ನಲವತ್ತು ಎಂಬ ಸಂಖ್ಯೆಗೆ ಒಂದೇ ಮೂಲವಿದೆ, ಆ ಮೂಲಕ್ಕೆ ಸ್ವಂತ ಹಿತಾಸಕ್ತಿಯಿದೆ, ಆದ್ದರಿಂದ ಖುದ್ದು ನೋಡಿ ದೃಢಪಡಿಸಿಕೊಳ್ಳಬೇಕು. ಹೀಗೆಂದು ಸುಧಾಗೆ ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ.

"ಹೋಗ್ರಿ, ಹೋಗಿ ಎಣಿಸ್ಕೊಂಡು ಬರ್ರಿ. ಕಡಿಮಿ ಇದ್ರ ನಿಮಗ ನಿದ್ದಿ ಬರತೈತಿ" ಎಂದಳು ಅವಳು.

ಗಿರಣಿಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಸುತ್ತ ಭತ್ತದ ಗದ್ದೆಗಳು, ಹೊತ್ತು ಇಳಿಯುತ್ತಿತ್ತು. ಪೆಟ್ಟಿಗೆಯನ್ನು ನೋಡಿದೆ. ನೋಡಿ ಒಂದು ಕ್ಷಣ ಸಮಾಧಾನವೂ ಆಯಿತು, ಅಷ್ಟು ವಿಕಾರವಾಗಿತ್ತು. ಯಾವುದೋ ಬಿದ್ದ ಮನೆಯ ಹಳೆಯ ಹಲಗೆ, ತಲೆಯ ಮೇಲೆ ಮಣ್ಣು. ಅಷ್ಟರಲ್ಲಿ ಅದರ ಕೆಳಗಿನಿಂದ ಒಂದು ಕಪ್ಪು ಚೂರು ಉದುರಿತು. ನೆಲಕ್ಕೆ ಬೀಳದೆ ಗದ್ದೆಯ ಕಡೆ ತೇಲಿತು. ಆಮೇಲೆ ಇನ್ನೊಂದು. ಆಮೇಲೆ ಒಂದರ ಹಿಂದೊಂದು, ಯಾರೋ ಒಳಗೆ ಕೂತು ಒಂದೊಂದಾಗಿ ಬಿಟ್ಟಂತೆ. ನಾನು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತ ಎಣಿಸಿದೆ. ಐವತ್ತಮೂರು. ವೀರೇಶಪ್ಪ ತಪ್ಪು ಹೇಳಿದ್ದ. ಹದಿಮೂರು ಕಡಿಮೆ ಹೇಳಿದ್ದ. ಸಂಖ್ಯೆ ಉಬ್ಬಿಸಿದವನನ್ನು ಕ್ಷಮಿಸಬಹುದು. ಇಂಥವರನ್ನು ಏನು ಮಾಡುವುದು?

"ಹೆಂಗ ಮಾಡಿದಿ ಇದನ್ನ?" ಎಂದು ಚಹಾ ಕುಡಿಯುತ್ತ ಕೇಳಿದೆ, ಕೇಳಲೋ ಬೇಡವೋ ಎಂಬ ದನಿಯಲ್ಲಿ.

"ನಿಮ್ಮ ಲೇಖನದಾಗಿದ್ದಂಗ ರೀ. ಬಿಸಲಿನ ಮಾತು ಒಂದು ಬಿಟ್ಟೆ. ನಮ್ಮ ಬಿಸಲಿಗೆ ಮನಷ್ಯಾನ ನಿಲ್ಲಂಗಿಲ್ಲ. ಹಳೇ ಮಾಳಿಗಿ ಮನ್ಯಾಗ ಇವು ಎಲ್ಲಿ ಇರ್ತಿದ್ವು ಹೇಳ್ರಿ? ತೊಲಿಗೂ ಗ್ವಾಡಿಗೂ ನಡುವ ಒಂದು ಬಟ್ಟು ಸಂದಿ ಇರ್ತಿತ್ತಲ್ಲ, ಅಲ್ಲಿ. ಮ್ಯಾಲ ಸೌಳು ಮಣ್ಣು, ತಂಪ. ಅದನ್ನ ಸಣ್ಣದು ಮಾಡಿ ಗ್ವಾಡಿಗಿ ಏರಿಸೀನಿ, ಅಷ್ಟ."

ನಮ್ಮ ಕಡೆಯ ಮಾಳಿಗೆ ಮನೆಗಳನ್ನು ಕಾಣದವರಿಗಾಗಿ ಹೇಳುತ್ತೇನೆ. ತೊಲೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ದಪ್ಪವಾಗಿ ಮಣ್ಣು ಹರಡಿ, ಕೊನೆಯಲ್ಲಿ ಸೌಳು ಮಣ್ಣು ಹಾಕುತ್ತಾರೆ. ಉಪ್ಪಿನಂಶದ ಮಣ್ಣು ಅದು. ಮಳೆ ಬಿದ್ದರೆ ಬಿಗಿದುಕೊಂಡು ನೀರನ್ನು ಜಾರಿಸುತ್ತದೆ. ಬೇಸಿಗೆಯಲ್ಲಿ ಕೆಳಗೆ ಮಲಗಿದವರಿಗೆ ಫ್ಯಾನೇ ಬೇಡ. ನಾನು ಹುಟ್ಟಿದ್ದೇ ಅಂಥ ಮನೆಯಲ್ಲಿ. ತೊಲೆಗೂ ಗೋಡೆಗೂ ನಡುವಿನ ಆ ಬೆರಳಗಲದ ಸಂದಿನಿಂದ ಬಾವಲಿಗಳು ಹೊರಡುವುದನ್ನು ಅಂಗಾತ ಮಲಗಿ ನೋಡಿದ್ದೇನೆ. ಪೆಟ್ಟಿಗೆ ಮಾಡಿಸುವಾಗ ಮಾತ್ರ ನನಗೆ ನೆನಪಾದದ್ದು ಕೈಪಿಡಿ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಹೊಟ್ಟೆಕಿಚ್ಚಿಗೆ ಒಂದು ಶಿಸ್ತು ಬಂದಿತ್ತು. ಪೂರ್ವಕ್ಕೆ ಮುಖ, ಬೆಳಗಿನ ಎಳೆಬಿಸಿಲು ಮಾತ್ರ, ಹಳೆಯ ಹಲಗೆ, ಮಣ್ಣಿನ ಹೊದಿಕೆ ಎಂದು ಚೀಟಿಯಲ್ಲಿ ಬರೆದುಕೊಂಡೆ. ಮನೆಗೆ ಹೋಗಿ ನನ್ನ ಪೆಟ್ಟಿಗೆಯನ್ನು ತಿದ್ದಲು ಸ್ವಾಭಿಮಾನ ಬಿಡಲಿಲ್ಲ. ಆದರೆ ಚೀಟಿಯನ್ನು ಬಿಸಾಡಲೂ ಇಲ್ಲ.

ದೀಪಾವಳಿ ಕಳೆದ ಮೇಲೆ ಕುರುಗೋಡಿನಿಂದ ಒಬ್ಬ ಹೆಂಗಸು ಫೋನು ಮಾಡಿದರು. ಹೆಸರು ಶರಣಮ್ಮ. ಮೆಣಸಿನಕಾಯಿ ವ್ಯಾಪಾರ, ಮಾವನ ಕಾಲದ ಒಂದು ಗೋದಾಮು.

"ಪೇಪರ್ ಆಚಾರ್ರೇನ್ರಿ? ಬಾವಲಿ ಮನಿ ಬರದವರು? ನಮ್ಮ ಗೋದಾಮಿನ ಮಾಳಿಗಿ ಸೋರತೈತ್ರಿ. ಯುಗಾದಿ ಆದಮ್ಯಾಗ ಬಿಚ್ಚಿಸಿ ತಗಡು ಹಾಕಸ್ಬೇಕಂತ ಮಾಡೀವಿ. ತೊಲಿ ಸಂದ್ಯಾಗ ರಾಶಿ ಬಾವಲಿ ಅದಾವ. ಹೊಗಿ ಹಾಕಿ ಓಡಸ್ರಿ ಅಂತಾರ ಎಲ್ಲರೂ. ನಂಗ ಮನಸಿಲ್ರಿ. ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಅವು ಅದಾವ. ಅವಕ್ಕೊಂದು ಮನಿ ಮಾಡಿಸ್ತೀನಿ, ನಕ್ಷಾ ಕಳಸ್ರಿ."

ಯುಗಾದಿಗೆ ನಾಲ್ಕು ತಿಂಗಳಿದ್ದವು. ಅಷ್ಟರೊಳಗೆ ಅವು ಹೊಸ ಮನೆಗೆ ಹೋಗದಿದ್ದರೆ ಮಾಳಿಗೆ ಬಿಚ್ಚಿದ ದಿನ ಹಾಡುಹಗಲಲ್ಲಿ ಕಾಗೆ, ಹದ್ದುಗಳ ನಡುವೆ ಬೀಳಬೇಕು. ನಾನು ಆಗ ಹೇಳಬೇಕಾಗಿದ್ದ ಮಾತು ಒಂದೇ ಸಾಲಿನದು: ತಾಯಿ, ಇದನ್ನು ಬಲ್ಲವನು ಸಿರುಗುಪ್ಪದ ವೀರೇಶಪ್ಪ, ಅವನನ್ನು ಕೇಳಿ. ಆ ಸಾಲು ಗಂಟಲಿನ ತನಕ ಬಂದು ಜಾಗದ ಅಭಾವದಿಂದ ನಿಂತುಹೋಯಿತು. "ಕಳಿಸ್ತೀನಿ" ಎಂದೆ.

ಚೀಟಿ ತೆಗೆದೆ. ಪೂರ್ವ ದಿಕ್ಕು, ಹಳೆಯ ಹಲಗೆ, ಸೌಳು ಮಣ್ಣು, ಎಲ್ಲವನ್ನೂ ಇಳಿಸಿ ಅಂದವಾದ ನಕ್ಷೆ ಬರೆದೆ. ಸುತ್ತ ಗೆರೆ ಹೊಡೆದೆ. ಕೆಳಗೆ ಬಲಗಡೆ ನನ್ನ ಹೆಸರು, ಗಾಂಧಿನಗರ, ಬಳ್ಳಾರಿ. ಬೇರೆ ಪತ್ರಿಕೆಯ ಸುದ್ದಿಯನ್ನು ಹೆಸರು ಹೇಳದೆ ಎತ್ತಿಕೊಂಡವರನ್ನು ನಾವು ಏನೆಂದು ಕರೆಯುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯಲಾರೆ, ಹೆಂಗಸರು ಮಕ್ಕಳು ಓದುತ್ತಾರೆ.

ಸಂಕ್ರಾಂತಿಗೆ ಮೊದಲೇ ಪೆಟ್ಟಿಗೆ ಗೋಡೆ ಏರಿತು. ಶಿವರಾತ್ರಿ ಬಂತು. ಶರಣಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಇನ್ನೂ ಇಲ್ರಿ ಆಚಾರ್ರ. ಬಂದು ಮೂಸಿ ನೋಡಿ ಹೋಗತಾವ, ಒಳಗ ಹೋಗವಲ್ವು." ನಾನು ಸ್ವಲ್ಪ ಕಾಯಬೇಕು ಎನ್ನುತ್ತಿದ್ದೆ. ಒಂದು ದಿನ ಅವರು, "ಗೌಂಡೇರು ಮುಂಗಡ ದಿನ ಹೇಳ್ಯಾರ್ರಿ. ಯುಗಾದಿ ಆಗಿ ಐದನೇ ದಿನ ಬಿಚ್ಚತಾರ. ನೀವು ಬಲ್ಲವ್ರು, ನಿಮ್ಮನ್ನ ನಂಬೀನಿ" ಎಂದರು.

ಫೋನು ಇಟ್ಟ ಮೇಲೆ ಸುಧಾ ಕೇಳಿದಳು: "ವೀರೇಶಪ್ಪಗ ಹೇಳೀರೇನು?"

"ಅವನಿಗ್ಯಾಕ ಹೇಳಬೇಕು?"

"ನಿಮ್ಮ ಹೆಸರಿಗೆ ಏನೂ ಆಗಂಗಿಲ್ಲ, ಅದು ಕಾಗದದ ಮ್ಯಾಲ ಐತಿ. ಅವು ತೊಲಿ ಮ್ಯಾಲ ಅದಾವ."

ಮೂವತ್ತು ವರ್ಷ ಶೀರ್ಷಿಕೆ ಬರೆದವನು ನಾನು. ಇಷ್ಟು ಚೊಕ್ಕವಾದದ್ದು ಒಂದೂ ಬರೆದ ನೆನಪಿಲ್ಲ. ಸಿರುಗುಪ್ಪಕ್ಕೆ ಫೋನು ಮಾಡಿದೆ.

ಮರುದಿನ ಇಬ್ಬರೂ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಸೇರಿದೆವು. ವೀರೇಶಪ್ಪನ ಚೀಲದಲ್ಲಿ ಒಂದು ಬಾಚಿ ಇತ್ತು. ಗೋದಾಮಿನ ಅಂಗಳದಲ್ಲಿ ಶರಣಮ್ಮ ನನ್ನ ನಕ್ಷೆಯನ್ನು ಅವನ ಕೈಗೆ ಕೊಟ್ಟರು. ಹಾಳಾಗದಿರಲಿ ಎಂದು ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದರು. ಅವನು ನೋಡಿದ. ಸೌಳು ಮಣ್ಣು ನೋಡಿದ. ಪೂರ್ವ ದಿಕ್ಕು ನೋಡಿದ. ಬಲಗಡೆಯ ಮೂಲೆಯನ್ನೂ ನೋಡಿದ. ನಾನು ಕುರುಗೋಡಿನ ಗುಡ್ಡದ ಕಡೆ ನೋಡುತ್ತಿದ್ದೆ.

"ನಕ್ಷಾ ಛಲೋ ಐತ್ರಿ" ಎಂದ ವೀರೇಶಪ್ಪ, ಎಲ್ಲರಿಗೂ ಕೇಳುವಂತೆ. "ಆಚಾರ್ರದು ಯಾವತ್ತೂ ಅಚ್ಚುಕಟ್ಟು. ಕೆಳಗ ಇಳಸ್ರಿ ಡಬ್ಬಿ, ಒಳಗ ನೋಡೂಣು."

ಪೆಟ್ಟಿಗೆ ಮಾಡಿದ್ದ ಬಡಗಿಯೂ ಅಲ್ಲಿದ್ದ, ಅವನೇ ಇಳಿಸಿ ಮುಂದಿನ ಹಲಗೆ ಬಿಚ್ಚಿದ. ಒಳಗೆ ಹಲಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪತ್ರಿಕೆಯವರ ನಕ್ಷೆ ಎಂಬ ಗೌರವದಿಂದ ಬಡಗಿ ಒಳಹೊರಗೆ ಉಜ್ಜುಗೊರಡು ಹೊಡೆದು ನುಣ್ಣಗೆ ಮಾಡಿದ್ದ. ಸಿರುಗುಪ್ಪದಲ್ಲಿ ನಾನು ಹೊರಗಿನದನ್ನೆಲ್ಲ ಬರೆದುಕೊಂಡಿದ್ದೆ. ಒಳಗೆ ಹೇಗಿದೆ ಎಂದು ಕೇಳಿರಲಿಲ್ಲ. ಕೇಳಿದ್ದರೆ ಕಲಿಯಲು ಬಂದವನಂತೆ ಕಾಣುತ್ತಿದ್ದೆ.

"ಇವು ಉಗುರು ಊರಿ ಜೋತು ಬೀಳೋ ಪ್ರಾಣಿ ರೀ ಮಾವಾ" ಎಂದು ವೀರೇಶಪ್ಪ ಬಡಗಿಗೆ ಹೇಳಿದ. "ಇಷ್ಟು ನುಣ್ಣಗ ಇದ್ರ ಜಾರಿ ಬೀಳತಾವ. ನಿಮ್ಮ ಕೆಲಸ ಭಾಳ ಛಲೋ ಆತು, ಅದ ತಪ್ಪಾತು."

ಬಡಗಿ ನಕ್ಕ. "ಮತ್ತ ಮೊದಲ ಹೇಳಬಾರ್ದೇನ್ರಿ? ಎರಡು ದಿನ ಉಜ್ಜೀನಿ!"

ವೀರೇಶಪ್ಪ ಬಾಚಿಯಿಂದ ಹಲಗೆಗಳ ಮೇಲೆ ಅಡ್ಡಡ್ಡಲಾಗಿ, ಒತ್ತೊತ್ತಾಗಿ ಗೀರು ಹಾಕಿದ. ನಾನು ಹಲಗೆ ಹಿಡಿದುಕೊಂಡೆ. ಗೋದಾಮಿನ ನೆಲದಲ್ಲಿ ಉದುರಿದ್ದ ಬಾವಲಿ ಹಿಕ್ಕೆಯನ್ನು ನೀರಿಗೆ ಕಲಸಿಸಿ ಒಳಗೆಲ್ಲ ಬಳಿದ, ತಮ್ಮ ಮನೆಯದೇ ವಾಸನೆ ಬರಲಿ ಎಂದು. ಪೆಟ್ಟಿಗೆಯನ್ನು ಅವು ಹೊರಬರುವ ಸಂದಿನ ಪಕ್ಕಕ್ಕೆ ಸರಿಸಿ ಏರಿಸಿದ. ಗೌಂಡಿಗಳಿಗೆ, ಅಂದರೆ ಗಾರೆ ಕೆಲಸದವರಿಗೆ, ಮಾಳಿಗೆಯನ್ನು ಒಮ್ಮೆಲೇ ತೆಗೆಯದೆ ತೊಲೆಯಿಂದ ತೊಲೆಗೆ ಒಂದೊಂದೇ ಅಂಕಣ ಬಿಚ್ಚಿರೆಂದು ಹೇಳಿಕಳಿಸಿದ. ಬಿಚ್ಚಿದ ಕಡೆಯಿಂದ ಅವು ಪೆಟ್ಟಿಗೆಯ ಕಡೆಗೆ ಸರಿಯುತ್ತ ಬರಲಿ ಎಂದು. ಹಿಕ್ಕೆಯ ನೀರು ಕಲಸಿದವನು ಮಾತ್ರ ನಾನೇ.

ಆಮೇಲಿನ ದಿನಗಳನ್ನು ಉದ್ದ ಮಾಡುವುದಿಲ್ಲ. ಹದಿನೈದು ದಿನಕ್ಕೆ ನಾಲ್ಕು ಒಳಗೆ ಹೋದವು. ಯುಗಾದಿಯ ಹೊತ್ತಿಗೆ ಶರಣಮ್ಮನಿಗೆ ಎಣಿಸಲು ಬೆರಳು ಸಾಲಲಿಲ್ಲ. ಗೌಂಡಿಗಳು ಎರಡು ಅಂಕಣ ಬಿಚ್ಚಿದ ಸಂಜೆ ನಾವಿಬ್ಬರೂ ಅಲ್ಲಿದ್ದೆವು. ಮಾಳಿಗೆಯ ಸಂದಿನಿಂದ ಬಂದದ್ದು ಮೂರೋ ನಾಲ್ಕೋ. ಉಳಿದ ಮೆರವಣಿಗೆಯೆಲ್ಲ ಪೆಟ್ಟಿಗೆಯ ಬಾಯಿಂದ ಹೊರಟಿತು. ನಾನು ಎಣಿಸಲಿಲ್ಲ. ಶರಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಆಮೇಲೆ ಅವರು ಸಂತೋಷಕ್ಕೆ ಒಬ್ಬ ಪೇಂಟರನನ್ನು ಕರೆಸಿದರು. ನಮ್ಮ ಸೀಮೆಯಲ್ಲಿ ಒಳ್ಳೆಯ ಕೆಲಸವೊಂದು ಹೆಸರಿಲ್ಲದೆ ಪೂರ್ತಿಯಾಗುವುದಿಲ್ಲ. ಗುಡಿಯ ಫ್ಯಾನಿನ ರೆಕ್ಕೆಯ ಮೇಲೆ, ಕಲ್ಲುಬೆಂಚಿನ ಬೆನ್ನಿನ ಮೇಲೆ, ಬೆಳಕೇ ಬಾರದಷ್ಟು ದೊಡ್ಡದಾಗಿ ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ಹೆಸರು ಬರೆಸುತ್ತೇವೆ. ಪೇಂಟರ್ ಬಿಳಿ ಬಣ್ಣದ ಡಬ್ಬಿ ತೆರೆದು, ಕುಂಚ ಅದ್ದಿ, ಕೇಳಿದ: "ಪೇರೇನು ಬರೀಲಿ ಸಾರ್?"

ಶರಣಮ್ಮ ನನ್ನನ್ನು ನೋಡಿದರು. ನಕ್ಷೆ ಅವರ ಕೈಯಲ್ಲೇ ಇತ್ತು. ಹೇಳದಿದ್ದರೂ ನಡೆಯುತ್ತಿತ್ತು, ಸುಮ್ಮನಿದ್ದರೆ ಸಾಕಿತ್ತು, ಮೂಲೆಯಲ್ಲಿದ್ದ ಹೆಸರು ತಾನಾಗಿ ಗೋಡೆ ಏರುತ್ತಿತ್ತು. ಹೇಳಿಯೇಬಿಟ್ಟೆ. ಇದು ನನ್ನದಲ್ಲಮ್ಮಾ, ಮೊದಲಿನ ಗೆರೆಯಿಂದಲೂ ಇವನದೇ, ನಾನು ನೋಡಿ ಬರೆದುಕೊಂಡು ನನ್ನ ಹೆಸರು ಹಾಕಿಕೊಂಡೆ. ಪೇಂಟರಪ್ಪಾ, ನೀನು ಬರಿ: ಸಿರುಗುಪ್ಪದ ವೀರೇಶಪ್ಪ. ಜೀವಮಾನದಲ್ಲಿ ಇಷ್ಟು ಕಷ್ಟಪಟ್ಟು ಪ್ರಕಟಿಸಿದ ತಿದ್ದುಪಡಿ ಇನ್ನೊಂದಿಲ್ಲ. ಹೇಳಿ ಮುಗಿಸಿ, ನನ್ನ ಔದಾರ್ಯದ ಎತ್ತರದಲ್ಲಿ ನಿಂತು ವೀರೇಶಪ್ಪನನ್ನು ನೋಡಿದೆ.

ವೀರೇಶಪ್ಪ ಗಾಬರಿಯಾಗಿದ್ದ. "ಏ ಏ, ಬಣ್ಣ ಹಚ್ಚಬ್ಯಾಡಪ್ಪೋ!" ಎಂದು ಪೇಂಟರನ ಕೈ ಹಿಡಿದ. "ಆ ವಾಸನಿಗೆ ಒಂದೂ ಉಳಿಯಂಗಿಲ್ಲ. ಮುಚ್ಚು ಮೊದಲ ಡಬ್ಬಿ."

ಪೇಂಟರ್ ಮುಚ್ಚಿದ. ಶರಣಮ್ಮ ಚಹಾ ತರಲು ಒಳಗೆ ಹೋದರು. ನಾನು ಕೊಟ್ಟ ಹೆಸರನ್ನು ವೀರೇಶಪ್ಪ ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಅವನ ಕಣ್ಣು ಪೆಟ್ಟಿಗೆಯ ಮೇಲೆಯೇ ಇತ್ತು.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುತ್ತೀರಿ. ಹೆಚ್ಚಾಗಿದೆ. ಮೊದಲು ಅವನ ಬಾವಲಿಗಳ ಮೇಲಿತ್ತು. ಈಗ ಅವುಗಳನ್ನು ನೋಡುವಾಗ ಹೆಸರನ್ನು ಮರೆಯಬಲ್ಲ ಅವನ ಆ ಕಣ್ಣಿನ ಮೇಲಿದೆ. ಇದಕ್ಕೆ ನಕ್ಷೆ ಇದೆಯೇ, ಬರೆದುಕೊಂಡು ಬಂದು ನೋಡೋಣ ಎಂದರೆ ಅದೂ ಒಳಗಿನ ಕೆಲಸ, ಹೊರಗಿನಿಂದ ಕಾಣುವುದಿಲ್ಲ. ನನಗೆ ಗೊತ್ತಿರುವುದು ದಾಖಲೆ ಸರಿಯಾಗಿರಬೇಕು ಎಂಬುದೊಂದೇ. ಕುರುಗೋಡಿನ ಆ ಪೆಟ್ಟಿಗೆಯ ಮೇಲೆ ಬರೆಯಲಾಗದೆ ಹೋದದ್ದನ್ನು ಇಲ್ಲಿ ಬರೆದಿದ್ದೇನೆ. ಅಚ್ಚಿನ ಮಸಿಯ ವಾಸನೆ ಅಷ್ಟು ದೂರ ಹೋಗುವುದಿಲ್ಲ, ಬಾವಲಿಗಳಿಗೆ ತೊಂದರೆಯಿಲ್ಲ.